ಮನೆಯ ಮಕ್ಕಳು ವೇಪಿಂಗ್ ಮಾಡುತ್ತಿದ್ದರೆ ಏನು ಮಾಡಬೇಕು?
ದಾವಣಗೆರೆಯ ಕಾಲೇಜಿನಲ್ಲಿ ಓದುತ್ತಿರುವ ಮಗನೋ ಮಗಳೋ ವೇಪಿಂಗ್ ಮಾಡುತ್ತಿರುವುದು, ಅಂದರೆ ಇ-ಸಿಗರೇಟಿನ ಆವಿ ಸೇದುತ್ತಿರುವುದು ತಿಳಿದಾಗ, 2019ರ ಕಾಯ್ದೆಯಡಿ ಅದರ ಮಾರಾಟವೇ ನಿಷಿದ್ಧವೆಂದು ಗದರುವುದಕ್ಕಿಂತ ಮೊದಲು, ಒಳಗೆ ಹೋಗುತ್ತಿರುವುದು ನಿಕೋಟಿನ್ ಮಾತ್ರವೋ, ಗಾಂಜಾ ಎಣ್ಣೆಯೂ ಇದೆಯೋ ಎಂದು ಸಮಾಧಾನದಿಂದ ಕೇಳಿ ತಿಳಿದುಕೊಳ್ಳಿರಿ. ಅಮೆರಿಕದಲ್ಲಿ 2020ರ ಫೆಬ್ರುವರಿಯ ವೇಳೆಗೆ 2,800ಕ್ಕೂ ಹೆಚ್ಚು ಮಂದಿಯನ್ನು ಬಾಧಿಸಿ 68 ಜನರನ್ನು ಬಲಿ ಪಡೆದಿದ್ದ ಶ್ವಾಸಕೋಶದ ಹಾನಿಗೆ, ಗಾಂಜಾ ಎಣ್ಣೆಯಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ಪದಾರ್ಥ ಪ್ರಮುಖ ಕಾರಣವೆಂದು ಕಂಡುಬಂದಿತ್ತು. ನಿಕೋಟಿನ್ ದ್ರವದ ಆವಿಯೂ ನಿರಪಾಯವಲ್ಲ. ಅದು ಶ್ವಾಸನಾಳಗಳನ್ನು ಕೆರಳಿಸುತ್ತದೆ, ಆಸ್ತಮಾ ಇರುವವರ ಬಗ್ಗೆ ನನಗೆ ಹೆಚ್ಚಿನ ಆತಂಕವಿದೆ.

ಉಬ್ಬಸ, ಎದೆನೋವು, ಜ್ವರ, ವಾಂತಿ ಒಟ್ಟಾಗಿ ಕಂಡರೆ ಅಂದೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು, ಸೇದಿದ್ದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿರಿ. ಮುಚ್ಚಿಟ್ಟರೆ ಶ್ವಾಸಕೋಶದ ಈ ಹಾನಿ ವೈದ್ಯರಿಗೆ ನ್ಯುಮೋನಿಯಾದಂತೆಯೇ ಕಾಣಬಹುದು. ಚಟ ಬಿಡಲು 1800-112-356 ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.