ಎರಡು ರೆಸಿಸ್ಟರ್, ಮೂರು ತಿಂಗಳು: ಅಡಾಪ್ಟರ್ ಪಾಸ್ ಮಾಡಿಸಿದ ನನ್ನ ಅನುಭವ

ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ ನಮ್ಮ ಸಣ್ಣ ಫ್ಯಾಕ್ಟರಿ. ಮಾಡುವುದು ಅಡಾಪ್ಟರ್. ರೌಟರ್ ಜೊತೆ, ಸಿಸಿಟಿವಿ ರೆಕಾರ್ಡರ್ ಜೊತೆ ಬರುತ್ತಲ್ಲ, ಆ ಕಪ್ಪು ಡಬ್ಬಿ. 12 ವೋಲ್ಟ್, 2 ಆಂಪಿಯರ್, ಅಂದರೆ 24 ವ್ಯಾಟ್. ಇದನ್ನು ನಮ್ಮ ದೇಶದಲ್ಲಿ ಮಾರಲು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಈ ನೋಂದಣಿ ಕಡ್ಡಾಯ ಮಾಡಿದ 2012ರ ಆದೇಶದ ಪಟ್ಟಿಗೆ ಅಡಾಪ್ಟರ್ ಸೇರಿದ್ದು 2014ರಲ್ಲಿ. ನಮ್ಮ ಹಳೇ ಮಾಡೆಲ್ ಐಎಸ್ 13252 ಎಂಬ ಸುರಕ್ಷತಾ ಮಾನದಂಡದ ಪರೀಕ್ಷೆ ಪಾಸಾಗಿ ಆರಾಮಾಗಿ ಓಡುತ್ತಿತ್ತು.

2019ರಲ್ಲಿ ಒಬ್ಬ ಗಿರಾಕಿ ಬಂದರು. ಅವರ ಯಂತ್ರ ಜರ್ಮನಿಗೆ ಹೋಗುತ್ತದೆ. ಯುರೋಪಿನಲ್ಲಿ 2020ರ ಏಪ್ರಿಲ್ 1ರಿಂದ ಹೊಸ ನಿಯಮ. ಲೋಡ್ ಇಲ್ಲದೆ ಸುಮ್ನೆ ಪ್ಲಗ್‌ನಲ್ಲಿ ಕೂತಿರುವಾಗ ಅಡಾಪ್ಟರ್ 0.1 ವ್ಯಾಟ್‌ಗಿಂತ ಜಾಸ್ತಿ ತಿನ್ನಬಾರದು. ಕಾಲು, ಅರ್ಧ, ಮುಕ್ಕಾಲು, ಪೂರ್ತಿ, ಹೀಗೆ ನಾಲ್ಕು ಲೋಡ್‌ನಲ್ಲಿ ಅಳೆದ ದಕ್ಷತೆಯ ಸರಾಸರಿಯೂ ಮಿತಿ ದಾಟಬೇಕು. ಸೂತ್ರಕ್ಕೆ 24 ವ್ಯಾಟ್ ಹಾಕಿದರೆ ಆ ಮಿತಿ ಶೇ. 86.2. ನಾನು ಒಪ್ಪಿಕೊಂಡೆ. ಸುರಕ್ಷತೆ ಹೇಗೂ ಪಾಸಾಗಿದೆ, ಇನ್ನು ಕರೆಂಟ್ ಉಳಿಸುವುದಷ್ಟೇ ತಾನೆ ಅಂದುಕೊಂಡೆ. ಎಡವಿದ್ದು ಅಲ್ಲೇ.

ಸರಾಸರಿ ದಕ್ಷತೆ ಬೇಗ ಸಿಕ್ಕಿತು. ಔಟ್‌ಪುಟ್ ಡಯೋಡ್ ತೆಗೆದು, ಅದಕ್ಕಿಂತ ಕಡಿಮೆ ಕರೆಂಟ್ ಪೋಲು ಮಾಡುವ ಮಾಸ್‌ಫೆಟ್ ಎಂಬ ಸ್ವಿಚ್ ಹಾಕಿದೆವು, ಮುಗಿಯಿತು. ಕಾಡಿದ್ದು ಆ 0.1 ವ್ಯಾಟ್. ನಮ್ಮ ಮೀಟರ್ 0.24 ತೋರಿಸುತ್ತಿತ್ತು. ಎಲ್ಲಿ ಸೋರುತ್ತಿದೆ ಎಂದು ಒಂದೊಂದೇ ಭಾಗ ಲೆಕ್ಕ ಹಾಕುತ್ತಾ ಕೂತೆ. ಅಡಾಪ್ಟರ್ ನಡೆಸುವ ಚಿಪ್, ಅಂದರೆ ಐಸಿಯನ್ನು ಚಾಲೂ ಮಾಡಲು ಒಂದು ಮೆಗಾ ಓಮ್‌ನ ರೆಸಿಸ್ಟರ್ ಇತ್ತು. ಒಳಗೆ ಡಿಸಿ 325 ವೋಲ್ಟ್. 325ರ ವರ್ಗವನ್ನು ಹತ್ತು ಲಕ್ಷದಿಂದ ಭಾಗಿಸಿ, 0.1 ವ್ಯಾಟ್ ಬರುತ್ತದೆ. ಕೊಟ್ಟ ರೇಷನ್ ಪೂರ್ತಿ ಅದೊಂದೇ ತಿಂದು ಕೂತಿತ್ತು! ತಾನೇ ಚಾಲೂ ಆಗಿ, ಆಮೇಲೆ ಆ ದಾರಿ ಮುಚ್ಚಿಕೊಳ್ಳುವ ಐಸಿ ಹಾಕಿದೆವು. ಹಸಿರು ದೀಪದ ಕರೆಂಟನ್ನೂ ಇಳಿಸಿದೆವು. ಆದರೂ ಒಂದಿಷ್ಟು ಉಳಿಯಿತು. ಆಗ ಕಣ್ಣು ಬಿದ್ದದ್ದು ಬ್ಲೀಡರ್ ಮೇಲೆ.

ಸಾಕೆಟ್‌ನಿಂದ ಪ್ಲಗ್ ಕಿತ್ತು ಪಿನ್ ಮುಟ್ಟಿದಾಗ ಜುಮ್ ಅಂದ ಅನುಭವ ನಿಮಗೂ ಆಗಿರಬಹುದು. ಇನ್‌ಪುಟ್‌ನಲ್ಲಿರುವ ಎಕ್ಸ್ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಅದನ್ನು ಖಾಲಿ ಮಾಡಲು ಪಕ್ಕದಲ್ಲಿ ಎರಡು ರೆಸಿಸ್ಟರ್, ಅವೇ ಬ್ಲೀಡರ್. ಪ್ಲಗ್ ಕಿತ್ತ ಒಂದು ಸೆಕೆಂಡಿನೊಳಗೆ ವೋಲ್ಟೇಜ್ ಶೇ. 37ಕ್ಕೆ ಇಳಿಯಬೇಕು ಎನ್ನುತ್ತದೆ ಐಎಸ್ 13252. ಪ್ಲಗ್ ಹಾಕಿದ್ದಷ್ಟು ಹೊತ್ತೂ ಇವು ಕರೆಂಟ್ ಎಳೆಯುತ್ತಲೇ ಇರುತ್ತವೆ. ನಮ್ಮವು 470 ಕಿಲೋ ಓಮ್‌ನ ಎರಡು. ದಿನವಿಡೀ 56 ಮಿಲಿವ್ಯಾಟ್ ಸುಮ್ನೆ ಶಾಖವಾಗಿ ಹೋಗುತ್ತಿತ್ತು.

ಕೆಪಾಸಿಟರನ್ನು ರೆಸಿಸ್ಟರ್‌ನಿಂದ ಗುಣಿಸಿದರೆ ಶೇ. 37ಕ್ಕೆ ಇಳಿಯಲು ಬೇಕಾದ ಸೆಕೆಂಡ್ ಸಿಗುತ್ತದೆ. ನಮ್ಮ ಹುಡುಗ ಒಬ್ಬ ಲೆಕ್ಕ ಮಾಡಿ ತಂದ. "ಸಾರ್, 1.5 ಮೆಗಾದ್ದು ಎರಡು ಹಾಕೋಣ. 0.33 ಮೈಕ್ರೋ ಫ್ಯಾರಡ್ ಇಂಟು 3 ಮೆಗಾ, 0.99 ಸೆಕೆಂಡ್. ಪಾಸ್!" ಹಾಕಿಯೇ ನೋಡಿದೆವು. ಆಸಿಲೋಸ್ಕೋಪ್‌ನಲ್ಲಿ 0.82 ಸೆಕೆಂಡ್ ಬಂತು. ಲೆಕ್ಕಕ್ಕಿಂತ ಒಳ್ಳೆಯದು! ಲೋಡ್ ಇಲ್ಲದ ವ್ಯಾಟ್ ಕೂಡ 0.1ರ ಒಳಗೆ ಬಂದಿತ್ತು. ಖುಷಿಯಾಗಿ ಪರೀಕ್ಷೆಯ ಲ್ಯಾಬ್‌ಗೆ ಸ್ಯಾಂಪಲ್ ಕಳಿಸಿದೆವು. ಲೆಕ್ಕಕ್ಕಿಂತ ಒಳ್ಳೆಯ ಉತ್ತರ ಬಂದರೆ ಅನುಮಾನ ಪಡಬೇಕಿತ್ತು, ಪಡಲಿಲ್ಲ.

ಲ್ಯಾಬ್‌ನಿಂದ ಫೋನ್. 1.04 ಸೆಕೆಂಡ್, ಫೇಲ್. ನಾನು ಜಗಳಕ್ಕೇ ಹೋದೆ ಅನ್ನಿ. ಅಲ್ಲಿನ ಎಂಜಿನಿಯರ್ ಮೇಡಂ ಶಾಂತವಾಗಿ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಪ್ರೋಬ್ ಯಾವುದು ಸಾರ್?" ಪ್ರೋಬ್ ಅಂದರೆ ಆಸಿಲೋಸ್ಕೋಪ್‌ನಿಂದ ಅಳೆಯಲು ತಾಗಿಸುವ ಕಡ್ಡಿ. ನಮ್ಮದು ವೋಲ್ಟೇಜನ್ನು ಹತ್ತನೇ ಒಂದಕ್ಕೆ ಇಳಿಸಿ ತೋರಿಸುವ ಮಾಮೂಲಿ ಹತ್ತು ಪಟ್ಟಿನ ಪ್ರೋಬ್. ಅದರದ್ದೇ ಹತ್ತು ಮೆಗಾ ಓಮ್ ಇರುತ್ತದೆ. ನಮ್ಮ ಮೂರು ಮೆಗಾದ ಪಕ್ಕದಲ್ಲಿ ಅದೂ ಸೇರಿ ಚಾರ್ಜ್ ಎಳೆಯುತ್ತಿತ್ತು! ಅಂದರೆ ನಾವು ಅಳೆದದ್ದು ಅಡಾಪ್ಟರ್ ಮತ್ತು ಪ್ರೋಬ್ ಎರಡನ್ನೂ. ಅವರದ್ದು ನೂರು ಪಟ್ಟಿನ ಪ್ರೋಬ್, ನೂರು ಮೆಗಾ ಓಮ್. ಸಾಲದ್ದಕ್ಕೆ ಆ ಕೆಪಾಸಿಟರ್ ಬರೆದದ್ದಕ್ಕಿಂತ ಶೇ. 8 ಜಾಸ್ತಿ ಇತ್ತು. ಶೇ. 10ರವರೆಗೆ ಹೆಚ್ಚುಕಡಿಮೆ ಇರಬಹುದು ಎಂದು ಅದರ ಮೈಮೇಲೇ ಬರೆದಿರುತ್ತದೆ, ಓದುವವರು ಯಾರು? ಕೊನೆಗೆ 1.2 ಮೆಗಾದ್ದು ಎರಡು ಹಾಕಿದೆವು. ಹೆಚ್ಚೆಂದರೆ 0.87 ಸೆಕೆಂಡ್, 22 ಮಿಲಿವ್ಯಾಟ್. ಎರಡೂ ಕಡೆ ಸಾಕು.

ಅಷ್ಟಕ್ಕೆ ಮುಗಿಯಲಿಲ್ಲ. ದಕ್ಷತೆಗೆಂದು ಹಾಕಿದ ಮಾಸ್‌ಫೆಟ್‌ಗೆ ಬೋರ್ಡಿನಲ್ಲಿ ತಾಮ್ರ ಜಾಸ್ತಿ ಬೇಕಾಗಿ, ಔಟ್‌ಪುಟ್ ಕಡೆಯ ಟ್ರ್ಯಾಕ್ ಅಗಲ ಮಾಡಿದ್ದೆವು. ಅದು ಮೆಲ್ಲಗೆ, ಎರಡೂ ಕಡೆಯ ನಡುವೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೋಕಪ್ಲರ್ ಕೆಳಗೆ ನುಸುಳಿತ್ತು. ಮೇನ್ಸ್ (ಗೋಡೆಯ ಕರೆಂಟ್) ಕಡೆಗೂ ಔಟ್‌ಪುಟ್ ಕಡೆಗೂ ಬೋರ್ಡಿನ ಮೈಮೇಲೆ 5 ಮಿಲಿಮೀಟರ್ ಅಂತರ ಇರಬೇಕು, ನಮ್ಮಲ್ಲಿ ಉಳಿದಿದ್ದು 4.2. ಗಾಳಿಯಲ್ಲಿ ನೇರ ಅಂತರಕ್ಕೆ 4 ಸಾಕು, ಅದು ಬಚಾವು. ಹಾಗಾಗಿ ನಡುವೆ 1 ಮಿಲಿಮೀಟರ್ ಅಗಲದ ಸೀಳು ಕೊರೆಸಿದೆವು. ಇನ್ನು ಮೈಮೇಲಿನ ದಾರಿ ಸೀಳನ್ನು ಸುತ್ತಿಕೊಂಡೇ ಹೋಗಬೇಕು. ಸೀಳು ಒಂದು ಮಿಲಿಮೀಟರ್‌ಗಿಂತ ಸಣ್ಣದಾದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನೆನಪಿರಲಿ.

ಹೊಸ ಐಸಿ ತನ್ನ ಪಾಲಿನ ತಲೆನೋವು ತಂದಿತು. ಅದರ ವಿದ್ಯುತ್ ಗದ್ದಲ ಜಾಸ್ತಿ, ಬೇರೆ ಸಾಧನಗಳಿಗೆ ತೊಂದರೆ ಆಗಬಾರದೆಂದು ಇಟ್ಟ ಯುರೋಪಿನ ಇಎಂಐ ಮಿತಿ ದಾಟುತ್ತಿತ್ತು. ವೈ ಕೆಪಾಸಿಟರ್ ದೊಡ್ಡದು ಮಾಡಿದರೆ ಗದ್ದಲ ಇಳಿಯುತ್ತದೆ. ಆದರೆ ಅದು ಮೇನ್ಸ್‌ನಿಂದ ಔಟ್‌ಪುಟ್‌ಗೆ ಕಟ್ಟಿದ ಸೇತುವೆ. ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಅಡಾಪ್ಟರ್‌ನಲ್ಲಿ ಮುಟ್ಟಿದವರ ಮೈಗೆ ಹರಿಯುವ ಕರೆಂಟ್ 0.25 ಮಿಲಿಆಂಪಿಯರ್ ಮೀರಬಾರದು. 4.7 ನ್ಯಾನೋ ಫ್ಯಾರಡ್ ಹಾಕಿದರೆ 0.35 ಆಗುತ್ತದೆ. ಹಳೇ 2.2 ಆದರೆ 0.17. ಅತ್ತ ದರಿ, ಇತ್ತ ಪುಲಿ. ಕೆಪಾಸಿಟರ್ ಮುಟ್ಟದೆ ಟ್ರಾನ್ಸ್‌ಫಾರ್ಮರ್ ಒಳಗೆ ಗದ್ದಲ ತಡೆಯುವ ಒಂದು ಶೀಲ್ಡ್ ಸುತ್ತು ಸೇರಿಸಿದೆವು. ಪೀಸಿಗೆ ಖರ್ಚು ಸ್ವಲ್ಪ ಏರಿತು, ಗಿರಾಕಿ ಗೊಣಗಿದರು, ಕೊಟ್ಟರು.

ಇದೇ ವೈ ಕೆಪಾಸಿಟರ್ ವಿಷಯಕ್ಕೆ ಪರ್ಚೇಸ್‌ನವರ ಜೊತೆ ನನ್ನದೊಂದು ಜಗಳ ಈಗಲೂ ನಡೆದೇ ಇದೆ. ಲ್ಯಾಬ್ ಕೊಟ್ಟ ರಿಪೋರ್ಟ್‌ನಲ್ಲಿ ಯಾವ ಕಂಪನಿಯ ಯಾವ ಮಾಡೆಲ್ ಇದೆಯೋ ಅದನ್ನೇ ಹಾಕಬೇಕು. "ಅದೇ ವ್ಯಾಲ್ಯೂ ಅಲ್ವಾ ಸಾರ್, ಎರಡು ರೂಪಾಯಿ ಕಮ್ಮಿ" ಅಂದರೆ ನಡೆಯಲ್ಲ.

ಎರಡನೇ ಸುತ್ತಿಗೆ ಲ್ಯಾಬ್‌ಗೆ ನಾನೇ ಹೋದೆ. ಮುಖ್ಯ ಪರೀಕ್ಷೆ ಎಲ್ಲ ಮುಗಿದಿತ್ತು, ಉಳಿದಿದ್ದು ಲೇಬಲ್. ನೀರಿನಲ್ಲಿ ಅದ್ದಿದ ಬಟ್ಟೆಯಲ್ಲಿ 15 ಸೆಕೆಂಡ್, ಪೆಟ್ರೋಲಿಯಂ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಲ್ಲಿ 15 ಸೆಕೆಂಡ್ ಉಜ್ಜುತ್ತಾರೆ. ಅಕ್ಷರ ಅಳಿಸಬಾರದು, ಅಂಚು ಸುರುಳಿ ಸುತ್ತಿಕೊಳ್ಳಬಾರದು. ಮೂರು ತಿಂಗಳು ಮೈಕ್ರೋ ಫ್ಯಾರಡ್, ಮಿಲಿವ್ಯಾಟ್ ಅಂತ ಒದ್ದಾಡಿದವನು ನಾನು, ಲೇಬಲ್ ಮಾತ್ರ ಪಕ್ಕದ ರಸ್ತೆಯ ಪ್ರಿಂಟರ್‌ಗೆ ಹೇಳಿ ಮಾಡಿಸಿದ್ದೆ. ಸ್ಪಿರಿಟ್ ಬಟ್ಟೆ ಎತ್ತಿದಾಗ '12 ವೋಲ್ಟ್' ಎಂದಿದ್ದ ಜಾಗ ಬಿಳಿಚಿಕೊಂಡಿತ್ತು. ಮೇಡಂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಮಾರನೇ ದಿನ ಬೇರೆ ಶಾಯಿಯ ಲೇಬಲ್ ಹಿಡಿದು, ಮತ್ತೆ ಅದೇ ಬಸ್ಸು ಹತ್ತಿದೆ.