ಸಿಯರ್ಸ್ ಗಿಟಾರ್ ಕೊಳ್ಳಿ, ಆಂಪ್‌ನ ಪ್ಲಗ್ ಮಾತ್ರ ಚುಚ್ಚಬೇಡಿ

ನ್ಯೂಜೆರ್ಸಿಯ ನಮ್ಮ ಬೀದಿಯಲ್ಲೇ ಇರುವ ಗೆಳೆಯನೊಬ್ಬ ಮನೆ ಖಾಲಿ ಮಾಡುವವರ ಮಾರಾಟದಲ್ಲಿ ಗಿಟಾರಿನ ದನಿ ಏರಿಸುವ ಹಳೇ ವಾಲ್ವ್ (ಗಾಜಿನ ಕೊಳವೆಯ) ಆಂಪ್ ಒಂದನ್ನು ಹೊಡೆದುಕೊಂಡು ಬಂದ. ಖುಷಿಗೆ ಶೂ ಕೂಡ ಬಿಚ್ಚದೆ ಪ್ಲಗ್ ಚುಚ್ಚಿದ. ಮೊದಲು ಗುಂಯ್ ಅಂತು. ಎರಡು ನಿಮಿಷಕ್ಕೆ ಮೀನು ಸುಟ್ಟ ವಾಸನೆ. ಮೂರನೇ ನಿಮಿಷಕ್ಕೆ, ಗೋಡೆಯ ಕರೆಂಟನ್ನು ಆಂಪ್‌ಗೆ ಹೊಂದಿಸಿ ಕೊಡುವ ಪವರ್ ಟ್ರಾನ್ಸ್‌ಫಾರ್ಮರ್ ತೀರಿಕೊಂಡಿತು. ಹೊಸ ಟ್ರಾನ್ಸ್‌ಫಾರ್ಮರ್‌ಗೆ ಆಂಪ್‌ಗಿಂತ ಜಾಸ್ತಿ ಖರ್ಚು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅದೇ.

ಹಳೇ ಅಮೆರಿಕನ್ ಗಿಟಾರ್, ಆಂಪ್ ಹುಡುಕಿ ಕೊಳ್ಳುವ ಈ ಹುಚ್ಚು ಈಗ ನಮ್ಮವರಲ್ಲೂ ಹಬ್ಬುತ್ತಿದೆ. ಹಿಡಿಸುವ ಹುಚ್ಚೇ, ಬೇಡ ಅನ್ನುವುದಿಲ್ಲ. ಆದರೆ ಒಂದು ಕ್ರಮ ಇರಲಿ.

1. ಹೆಸರಿನ ಹಿಂದಿರುವ ಹೆಸರು ಗುರುತಿಸಿ

1950–60ರ ದಶಕದಲ್ಲಿ ಅಮೆರಿಕದ ಹುಡುಗರಿಗೆ ಮೊದಲ ಎಲೆಕ್ಟ್ರಿಕ್ ಗಿಟಾರ್ ಬರುತ್ತಿದ್ದದ್ದು ಸಂಗೀತದ ಅಂಗಡಿಯಿಂದಲೇ ಆಗಬೇಕಿರಲಿಲ್ಲ. ಫ್ರಿಜ್, ಚಡ್ಡಿ, ಹುಲ್ಲು ಕತ್ತರಿಸುವ ಯಂತ್ರ ಎಲ್ಲ ಮಾರುತ್ತಿದ್ದ ಸಿಯರ್ಸ್ ಕ್ಯಾಟಲಾಗ್‌ನಲ್ಲೇ ಅದೂ ಸಿಗುತ್ತಿತ್ತು. ಸಿಯರ್ಸ್ ಗಿಟಾರ್ ಮೇಲೆ ಸಿಲ್ವರ್‌ಟೋನ್ ಅಂತ ಬರೆದಿರುತ್ತಿತ್ತು. ಅಂಥದೇ ಇನ್ನೊಂದು ಅಂಗಡಿ ಮಾಂಟ್‌ಗೊಮರಿ ವಾರ್ಡ್‌ನದು ಏರ್‌ಲೈನ್. ಇವರ್ಯಾರೂ ಗಿಟಾರ್ ಮಾಡುತ್ತಿರಲಿಲ್ಲ. ಬಟ್ಟೆ ಅಂಗಡಿಯವರು ಯಾರೋ ಹೊಲಿದ ಅಂಗಿಗೆ ತಮ್ಮ ಚೀಟಿ ಅಂಟಿಸಿದ ಹಾಗೆ.

ಒಳಗಿನ ಕೈ ಬೇರೆ. ಷಿಕಾಗೋದ ಹಾರ್ಮನಿ, ಕೇ, ವಾಲ್ಕೊ; ಜಪಾನಿನ ಟೈಸ್ಕೊ; ನ್ಯೂಜೆರ್ಸಿಯ ಡಾನ್‌ಎಲೆಕ್ಟ್ರೊ. ನನಗೆ ಕೊನೆಯದರ ಮೇಲೇ ಪ್ರೀತಿ. ನೇಥನ್ ಡೇನಿಯಲ್ ಎಂಬಾತ 1947ರಲ್ಲಿ ಶುರು ಮಾಡಿದ ಕಂಪನಿ ಅದು. ಪಾಪ್ಲರ್ ಮರದ ಚೌಕಟ್ಟು, ಅದರ ಮೇಲೂ ಕೆಳಗೂ ಮ್ಯಾಸೊನೈಟ್ ಹಲಗೆ. ಅಂದರೆ ಪರೀಕ್ಷೆ ಬರೆಯುವಾಗ ಹಾಳೆ ಸಿಕ್ಕಿಸಿಕೊಳ್ಳುತ್ತಿದ್ದೆವಲ್ಲ, ಆ ರಟ್ಟಿನಂಥದ್ದೇ. ಪಕ್ಕದ ಅಂಚಿಗೆ ವೈನಿಲ್ ಪಟ್ಟಿ. ತಂತಿಯ ನಡುಕವನ್ನು ಕರೆಂಟ್ ಆಗಿಸುವ ಪಿಕಪ್ಪಿಗೆ ಲಿಪ್‌ಸ್ಟಿಕ್ ಕೊಳವೆ. ಕೇಳಿದರೆ ನಗು ಬರುತ್ತದೆ, ನುಡಿಸಿದರೆ ನಿಲ್ಲುತ್ತದೆ.

ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ ಒಂದೇ: 1962ರಲ್ಲಿ ಬಂದ ಸಿಲ್ವರ್‌ಟೋನ್ 1448, ಅಥವಾ ಅದರ ಅಣ್ಣ 1449. ಗಿಟಾರ್ ಪೆಟ್ಟಿಗೆಯೊಳಗೇ ಆಂಪ್ ಇರುವ ಜೋಡಿ. 1448ಕ್ಕೆ ಒಂದು ಪಿಕಪ್, 5 ಇಂಚಿನ ಸ್ಪೀಕರ್, ಆಗಿನ ಬೆಲೆ 67.95 ಡಾಲರ್. 1449ಕ್ಕೆ ಎರಡು ಪಿಕಪ್, 8 ಇಂಚಿನ ಸ್ಪೀಕರ್. ಪೆಟ್ಟಿಗೆ ಇಲ್ಲದ 1448 ಕೊಳ್ಳಬೇಡಿ. ದೋಸೆ ಬಿಟ್ಟು ಚಟ್ನಿ ಕೊಂಡ ಹಾಗಾಗುತ್ತದೆ.

2. ಹುಡುಕಿ

ಸಂತೆ, ಗ್ಯಾರೇಜ್ ಸೇಲ್, ಗಿರವಿ ಅಂಗಡಿ. ನಾನು ಹೋಗುವುದು ಇಂಗ್ಲಿಷ್‌ಟೌನ್ ಸಂತೆಗೆ. ಬೆಳಗ್ಗೆ ಬೇಗ ಹೋಗಿ, ಅಷ್ಟೇ.

3. ನೆಕ್ ನೋಡಿ, ಬಣ್ಣ ಆಮೇಲೆ

ಎಲ್ಲರೂ ಮೊದಲು ನೋಡುವುದು ಕೆಂಪು ಬಣ್ಣ, ಹೊಳೆಯುವ ಸ್ವಿಚ್ಚುಗಳು. ನೀವು ನೆಕ್ ನೋಡಿ, ಅಂದರೆ ಬೆರಳಿನಿಂದ ತಂತಿ ಒತ್ತುವ ಉದ್ದನೆಯ ಕತ್ತು. ಇವುಗಳ ತಲೆಯ ಮೇಲೆ 'ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್' ಎಂದು ಹೆಮ್ಮೆಯಿಂದ ಅಚ್ಚಾಗಿರುವುದುಂಟು. ಅದರ ಕನ್ನಡ ಅರ್ಥ: ಒಳಗೆ ಕಬ್ಬಿಣದ ಪಟ್ಟಿ ಇದೆ, ಆದರೆ ಬಾಗಿದರೆ ತಿರುಗಿಸಿ ಸರಿಮಾಡಲು ಸ್ಕ್ರೂ ಇಲ್ಲ.

ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ದೇಹಕ್ಕೆ ಸೇರುವ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. 7ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ನುಸುಳಿದರೆ ಸರಿ. ನಾಣ್ಯ ನುಸುಳಿದರೆ ನಮಸ್ಕಾರ ಹೇಳಿ ಹೊರಡಿ. ನೆಕ್ ನೇರ ಇದ್ದು ತಂತಿ ಮಾತ್ರ ಎತ್ತರದಲ್ಲಿದ್ದರೆ ಹೆದರಬೇಡಿ, ಅದು ಕೋನದ ತೊಂದರೆ. ಸ್ಕ್ರೂ ಹಾಕಿದ ನೆಕ್ ಆದರೆ ಬಿಚ್ಚಿ, ಕೂರುವ ಗುಂಡಿಯಲ್ಲಿ ಬ್ರಿಡ್ಜ್ (ದೇಹದ ಮೇಲೆ ತಂತಿ ಕೂರುವ ತುಂಡು) ಕಡೆಯ ತುದಿಗೆ ತೆಳು ಮರದ ಚಕ್ಕೆ ಇಟ್ಟರೆ ತಂತಿ ಕೆಳಗಿಳಿಯುತ್ತದೆ. ಅಂಟು ಹಾಕಿದ ನೆಕ್ ಆದರೆ ಅದು ಬಡಗಿ ಕೆಲಸ, ದುಡ್ಡಿನ ಕೆಲಸ. ಹೊಸಬರು ಬಿಟ್ಟುಬಿಡಿ.

4. ಪಿಕಪ್ಪಿಗೆ ಮಲ್ಟಿಮೀಟರ್

ಸಂತೆಯಲ್ಲಿ ಕರೆಂಟ್ ಇರುವುದಿಲ್ಲ. ಜೇಬಿನಲ್ಲಿ ಗಿಟಾರ್ ಕೇಬಲ್ ಮತ್ತು ಸಣ್ಣ ಮಲ್ಟಿಮೀಟರ್ ಇರಲಿ. ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಇನ್ನೊಂದು ತುದಿಯ ಮೊನೆಗೂ ಬುಡಕ್ಕೂ ಮೀಟರ್ ಕಡ್ಡಿ ಇಡಿ. ಲಿಪ್‌ಸ್ಟಿಕ್ ಪಿಕಪ್ ಆದರೆ 4–5 ಕಿಲೋ ಓಮ್ ಆಸುಪಾಸು ತೋರಿಸಬೇಕು. ಏನೂ ತೋರದಿದ್ದರೆ ಸುರುಳಿ ತುಂಡಾಗಿರಬಹುದು. ಬರೀ ವೈರ್ ಕಳಚಿರಲೂಬಹುದು. ಎರಡನೆಯದೇ ಅಂತ ನಂಬಿ ದುಡ್ಡು ಕೊಡಬೇಡಿ.

ಗೋಲ್ಡ್ ಫಾಯಿಲ್ (ಚಿನ್ನದ ಬಣ್ಣದ ಹಾಳೆ ಕಾಣುವ) ಪಿಕಪ್ ಇರುವ ಹಾರ್ಮನಿ, ಟೈಸ್ಕೊಗಳಲ್ಲಿ ಇನ್ನೊಂದು ಕಾಟ. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ತನ್ನ ಫೆಂಡರ್ ಸ್ಟ್ರಾಟೋಕಾಸ್ಟರ್ ಗಿಟಾರಿಗೆ ಟೈಸ್ಕೊದ ಗೋಲ್ಡ್ ಫಾಯಿಲ್ ಹಾಕಿಸಿಕೊಂಡ ಮೇಲೆ ಜನ ಪಿಕಪ್ ಕಿತ್ತುಕೊಂಡು ಬರೀ ಮರ ಮಾರತೊಡಗಿದರು. ಪಿಕಪ್ ಅದರದ್ದೇನಾ ಅಂತ ಖಾತ್ರಿ ಮಾಡಿಕೊಳ್ಳಿ.

ವಯಸ್ಸು ತಿಳಿಯಲು ಒಳಗಿನ ವಾಲ್ಯೂಮ್ ಪಾಟ್‌ನ, ಅಂದರೆ ವಾಲ್ಯೂಮ್ ನಾಬ್‌ನ ಕೆಳಗಿರುವ ಪುಟ್ಟ ಡಬ್ಬಿಯ, ಬೆನ್ನು ಓದಿ. 1376418 ಅಂತ ಇದ್ದರೆ 137 ಎಂದರೆ ಪಾಟ್ ಮಾಡಿದ ಸಿ.ಟಿ.ಎಸ್ ಕಂಪನಿ, 64 ಎಂದರೆ 1964, 18 ಎಂದರೆ ಹದಿನೆಂಟನೇ ವಾರ. ಸ್ಪೀಕರಿನ ಬೆನ್ನಿಗೂ ಇದೇ ಲೆಕ್ಕ: 220 ಜೆನ್ಸನ್, 465 ಆಕ್ಸ್‌ಫರ್ಡ್. ಗಿಟಾರ್ ಅದಕ್ಕಿಂತ ಹಳೆಯದು ಅನ್ನುತ್ತಾ ಮಾರುವವನು ಕಥೆ ಕಟ್ಟಿದರೆ, ಪಾಟ್ ಯಾವಾಗ ಬದಲಾಯಿತು ಅಂತ ಕೇಳಿ.

5. ಆಂಪ್: ಇಲ್ಲೇ ಎಲ್ಲರೂ ಎಡವುವುದು

ಮೊದಲ ಮಾತು: ಮನೆಗೆ ತಂದ ದಿನ ಪ್ಲಗ್ ಚುಚ್ಚಬೇಡಿ. ಮಾರುವವನು 'ನಿನ್ನೆ ತಾನೇ ಓಡಿಸಿದೆ' ಅಂದರೂ ಬೇಡ.

ಹಿಂದಿನ ಹಲಗೆ ಬಿಚ್ಚಿ ವಾಲ್ವ್‌ಗಳ ಮೇಲಿನ ಅಂಕಿ ಓದಿ. ಅಮೆರಿಕನ್ ವಾಲ್ವ್‌ಗಳಲ್ಲಿ ಶುರುವಿನ ಅಂಕಿ ಸಾಮಾನ್ಯವಾಗಿ ಒಳಗಿನ ಹೀಟರ್ ತಂತಿಯ ವೋಲ್ಟೇಜ್. 6ವಿ6, 6ಎಲ್6 ಅಂತ ಇದ್ದರೆ ಸಾಮಾನ್ಯವಾಗಿ ಪವರ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. 50ಸಿ5, 35ಡಬ್ಲ್ಯೂ4 ಅಂತ ಇದ್ದರೆ ಒಂದು ನಿಮಿಷ ನಿಲ್ಲಿ. 50, 35, ಜೊತೆಗೆ 12ರಿಂದ ಶುರುವಾಗುವ ಇನ್ನೆರಡು ವಾಲ್ವ್. ಕೂಡಿದರೆ 109. ಅಮೆರಿಕದ ಮನೆ ಕರೆಂಟಿಗೆ ಹತ್ತಿರ ಬಂತು, ಅಲ್ವಾ? ದುಡ್ಡು ಉಳಿಸಲು ಟ್ರಾನ್ಸ್‌ಫಾರ್ಮರನ್ನೇ ಬಿಟ್ಟು, ವಾಲ್ವ್‌ಗಳನ್ನು ಹೂಮಾಲೆಯ ಹಾಗೆ ಸಾಲಾಗಿ ಪೋಣಿಸಿ ನೇರ ಗೋಡೆಯ ಕರೆಂಟಿಗೆ ಕಟ್ಟಿದ್ದಾರೆ. ಪ್ಲಗ್ ಉಲ್ಟಾ ಚುಚ್ಚಿದರೆ ಆಂಪ್‌ನ ಕಬ್ಬಿಣದ ತಟ್ಟೆಗೇ ಕರೆಂಟ್ ಬರಬಹುದು. ಅಲ್ಲಿಂದ ಕೇಬಲ್ಲಿಗೆ, ಕೇಬಲ್ಲಿಂದ ಬ್ರಿಡ್ಜಿಗೆ, ಬ್ರಿಡ್ಜಿಂದ ತಂತಿಗೆ, ತಂತಿಯಿಂದ ನಿಮ್ಮ ಬೆರಳಿಗೆ. ಇಲ್ಲಿನವರು ಇದಕ್ಕೆ 'ವಿಡೋಮೇಕರ್', ಅಂದರೆ ಹೆಂಡತಿಯನ್ನು ವಿಧವೆ ಮಾಡುವಂಥದ್ದು, ಅನ್ನುತ್ತಾರೆ. ನೋಡಲು ಮುದ್ದಾದ ಪುಟ್ಟ ಡಬ್ಬಿ. ಮೇಲೆ ಬಸಪ್ಪ, ಒಳಗೆ ವಿಷಪ್ಪ. ಗೋಡೆಯ ಕರೆಂಟಿನಿಂದ ಆಂಪನ್ನು ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕೂರಿಸದೆ ಇದನ್ನು ಮುಟ್ಟಲೇಬೇಡಿ.

ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಆದರೂ ಎರಡು ಕೆಲಸ ಬಾಕಿ. ಆ ಕಾಲದ ಪ್ಲಗ್ಗಿಗೆ ಎರಡೇ ಕಾಲು, ಅರ್ಥ್ ಇಲ್ಲ. ಕರೆಂಟ್ ವೈರಿಗೂ ತಟ್ಟೆಗೂ ನಡುವೆ ಒಂದು ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಪುಟ್ಟ ಭಾಗ) ಕೂರಿಸಿರುವುದು ಮಾಮೂಲು. ಮೆಕ್ಯಾನಿಕ್‌ಗಳ ಬಾಯಲ್ಲಿ ಅದರ ಹೆಸರು 'ಡೆತ್ ಕ್ಯಾಪ್'. ಅದು ಒಳಗೇ ಶಾರ್ಟ್ ಆದ ದಿನ ನೀವು ಒಂದು ಕೈಯಲ್ಲಿ ತಂತಿ ಹಿಡಿದು ಮೈಕಿಗೆ ತುಟಿ ಇಟ್ಟರೆ ಮುಗಿಯಿತು. ಅದನ್ನು ಕತ್ತರಿಸಿ ತೆಗೆಸಿ, ಮೂರು ಕಾಲಿನ ಕೇಬಲ್ ಹಾಕಿಸಿ, ಅರ್ಥ್ ವೈರನ್ನು ತಟ್ಟೆಗೆ ಬಿಗಿಯಾಗಿ ಕಟ್ಟಿಸಿ. 'ಒರಿಜಿನಲ್ ಹಾಳಾಗುತ್ತೆ' ಅಂತ ರಾಗ ಎಳೆಯುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಎರಡನೆಯದು ಒಳಗಿನ ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳು. ಅರವತ್ತು ವರ್ಷದಲ್ಲಿ ಅವುಗಳ ಒಳಗೆ ಒಣಗಿರುತ್ತದೆ. ನನ್ನ ಗೆಳೆಯನ ಆಂಪ್ ಗುಂಯ್ ಅಂದದ್ದು ಇವುಗಳ ಗೋಳೇ. ಪೂರ್ತಿ ಶಾರ್ಟ್ ಆದರೆ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತವೆ. ಎಲ್ಲವನ್ನೂ ಬದಲಾಯಿಸಬೇಕು. ಹಳೇ ಅಲ್ಯೂಮಿನಿಯಂ ಡಬ್ಬಿ ಅಲ್ಲೇ ಇರಲಿ, ಸಂಪರ್ಕ ಬಿಚ್ಚಿ ಹೊಸದನ್ನು ಅಡಿಯಲ್ಲಿ ಕೂರಿಸಿದರೆ ಅಂದವೂ ಉಳಿಯುತ್ತದೆ. ಬಿಚ್ಚಿಟ್ಟ ಆಂಪ್‌ನೊಳಗೂ ಇವು ನೂರಾರು ವೋಲ್ಟ್ ಹಿಡಿದು ಕೂತಿರಬಲ್ಲವು ಅನ್ನುವುದು ನೆನಪಿರಲಿ. ವಾಲ್ವ್ ರಿಪೇರಿ ಗೊತ್ತಿಲ್ಲದಿದ್ದರೆ ಗೊತ್ತಿರುವವರ ಕೈಗೆ ಕೊಡಿ. ಯೂಟ್ಯೂಬ್ ನೋಡಿ ಸ್ಕ್ರೂಡ್ರೈವರ್ ತೂರಿಸಬೇಡಿ.

ಇದಾದ ಮೇಲೆ ಮೊದಲ ಸಲ ಆನ್ ಮಾಡುವಾಗ ಗೋಡೆಯ ಕರೆಂಟಿಗೂ ಆಂಪ್‌ಗೂ ನಡುವೆ ಹಳೇ ಕಾಲದ 40 ವ್ಯಾಟ್ ಬಲ್ಬ್ ಸರಣಿಯಲ್ಲಿ ಇರಲಿ. ಎಲ್‌ಇಡಿ ನಡೆಯುವುದಿಲ್ಲ, ತಂತಿ ಕಾಣುವ ಬಲ್ಬೇ ಬೇಕು. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಕ್ಷೇಮ. ಪೂರ್ತಿ ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಟ್ರಾನ್ಸ್‌ಫಾರ್ಮರ್ ಸಾಯುವ ಬದಲು ಬಲ್ಬ್ ಹೊರೆ ಹೊತ್ತಿರುತ್ತದೆ.

6. ತೊಳೆಯುವುದು, ಒರೆಸುವುದು

ಒದ್ದೆ ಬಟ್ಟೆ ಸಾಕು. ಬಣ್ಣ ಬಳಿಯಬೇಡಿ. ಕರಕರ ಅನ್ನುವ ನಾಬ್‌ಗೆ ಬೀಗಕ್ಕೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡವೇ ಬೇಡ, ಧೂಳು ಅಂಟಿ ಮತ್ತೆ ಅದೇ ಗೋಳು. ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ತನ್ನಿ. ಹರಿದ ಸ್ಪೀಕರ್ ಕಾಗದಕ್ಕೆ ಟಿಶ್ಯೂ ಪೇಪರ್, ನೀರು ಬೆರೆಸಿದ ಬಿಳಿ ಫೆವಿಕಾಲ್. ಬಿಚ್ಚಿದ ಪ್ರತಿ ಚೂರನ್ನೂ ಕವರಿನಲ್ಲಿ ಹಾಕಿ ಪೆಟ್ಟಿಗೆಯಲ್ಲೇ ಇಡಿ.

7. ಬೆಂಗಳೂರಿಗೆ ಒಯ್ಯುವುದಾದರೆ

ಅಲ್ಲಿ 230 ವೋಲ್ಟ್. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಪೆಟ್ಟಿಗೆಗಳು ಹೆಚ್ಚಾಗಿ ಆಟೋಟ್ರಾನ್ಸ್‌ಫಾರ್ಮರ್. ಅವು ವೋಲ್ಟೇಜ್ ಇಳಿಸುತ್ತವೆ, ಗೋಡೆಯ ಕರೆಂಟಿನಿಂದ ಬೇರ್ಪಡಿಸುವುದಿಲ್ಲ. 50ಸಿ5 ಇರುವ ಡಬ್ಬಿಗೆ ಅದನ್ನು ಹಾಕಿದರೆ ಅಪಾಯ ಅಲ್ಲೇ ಇರುತ್ತದೆ. ಎರಡು ಬೇರೆ ಸುರುಳಿ ಇರುವ ಐಸೊಲೇಷನ್ ಸ್ಟೆಪ್‌ಡೌನನ್ನೇ ಕೇಳಿ ತನ್ನಿ. ಅಮೆರಿಕದ ಕರೆಂಟ್ 60 ಹರ್ಟ್ಸ್, ನಮ್ಮದು 50. ಹಳೇ ಟ್ರಾನ್ಸ್‌ಫಾರ್ಮರ್ ಇಲ್ಲಿಗಿಂತ ಅಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಅರ್ಧ ಗಂಟೆಗೊಮ್ಮೆ ಕೈ ಹತ್ತಿರ ಇಟ್ಟು ನೋಡಿ.

ವಿಮಾನಕ್ಕೆ ಹಾಕುವ ಮುನ್ನ ವಾಲ್ವ್‌ಗಳನ್ನು ಬಿಚ್ಚಿ, ಯಾವುದು ಎಲ್ಲಿತ್ತು ಅಂತ ಚೀಟಿ ಅಂಟಿಸಿ, ಒಂದೊಂದನ್ನೂ ಕಾಲುಚೀಲದಲ್ಲಿ ಸುತ್ತಿ ಕೈಚೀಲದಲ್ಲಿ ಒಯ್ಯಿರಿ. ಗಿಟಾರಿನ ತಂತಿ ಸಡಿಲ ಮಾಡಿ. ಪಾಟ್‌ಗಳ ಮೇಲಿನ ಅಂಕಿಯ ಫೋಟೊ ತೆಗೆದುಕೊಂಡಿರಿ. ಇಷ್ಟು ಹಳೇ ಗಿಟಾರಿಗೆ ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ ಅಂತ ಕಸ್ಟಮ್ಸ್‌ನವರು ಕೇಳಿದರೆ ಮುಚ್ಚಳ ತೆಗೆದು ಒಳಗಿನ ಸ್ಪೀಕರ್ ತೋರಿಸಿ.