ಓದಲು ಕೂತರೆ ಮನಸ್ಸು ಓಡಿಹೋಗುತ್ತಾ? ಮೊದಲು ಫೋನ್ ಬೇರೆ ಕೋಣೆಗೆ ಹೋಗಲಿ

ನಮ್ಮ ಬೀದಿಯಲ್ಲಿ ಒಬ್ಬರು ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕುತ್ತಾರೆ. ವರ್ಷವಿಡೀ ಸಿಗರೇಟು ಬಿಡೋಕಾಗದವರು ಆ 41 ದಿನ ಅದನ್ನು ಮುಟ್ಟುವುದಿಲ್ಲ. ಚಳಿಯಲ್ಲಿ ತಣ್ಣೀರು ಸ್ನಾನ, ಬರಿಗಾಲು, ಕಪ್ಪು ಬಟ್ಟೆ. ಭಕ್ತಿ ಇದೆ, ಅದು ದೊಡ್ಡದು. ಅದರ ಜೊತೆಗೆ ಇನ್ನೂ ಏನೇನಿದೆ ನೋಡಿ: ಕತ್ತಿನಲ್ಲಿ ಮಾಲೆ, ಎದುರು ಸಿಕ್ಕವರೆಲ್ಲ 'ಸ್ವಾಮಿ' ಅಂತ ಕರೆಯುವುದು, ಮನೆಯಲ್ಲಿ ಬೇರೆ ಅಡುಗೆ, ಸಂಜೆಯಾದರೆ ಪೂಜೆ, ಜೊತೆಗೆ ಅದೇ ವ್ರತದಲ್ಲಿರುವ ನಾಲ್ಕು ಜನ. ಸುತ್ತಲಿನ ಇಷ್ಟೂ ಸೇರಿ ಅವರನ್ನು ಹಿಡಿದು ನಿಲ್ಲಿಸುತ್ತೆ.

ನಾನು ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತೇನೆ. "ಮಿಸ್, ನನಗೆ ಕಂಟ್ರೋಲೇ ಇಲ್ಲ" ಅಂತ ಮಕ್ಕಳು ಹೇಳಿದಾಗೆಲ್ಲ ನನಗೆ ನೆನಪಾಗುವುದು ಈ ಮಾಲೆ. ಪಕ್ಕದಲ್ಲಿ ಫೋನ್, ಹಾಲ್‌ನಲ್ಲಿ ಟಿವಿ, ಏನು ಓದಬೇಕು ಅಂತಾನೂ ಗೊತ್ತಿಲ್ಲ, ಆದರೂ ಹಲ್ಲು ಕಚ್ಚಿಕೊಂಡು ಓದು ಅಂದರೆ ಯಾರಿಗೆ ತಾನೇ ಆಗುತ್ತೆ? ಮನಸ್ಸಿನ ಜೊತೆ ಜಗಳ ಆಡುವ ಸಂದರ್ಭವೇ ಕಡಿಮೆ ಬರುವ ಹಾಗೆ ಮಾಡಿಕೊಳ್ಳಿ. ನಾನು ಹೇಳುವುದು ಇಷ್ಟೇ, ಹೇಗೆ ಅಂತ ಮುಂದೆ ಬರೆದಿದ್ದೇನೆ.

ಫೋನಿನಿಂದಲೇ ಶುರು ಮಾಡೋಣ. "ಸೈಲೆಂಟ್‌ಗೆ ಹಾಕಿ ಬೋರಲು ಇಟ್ಟಿದ್ದೀನಿ ಮಿಸ್" ಅಂತಾರೆ. ಒಂದು ಸಂಜೆ ಒಬ್ಬ ಹುಡುಗನನ್ನು ಸುಮ್ನೆ ಗಮನಿಸಿದೆ. ವರ್ಗ ಸಮೀಕರಣದ ಲೆಕ್ಕ ಮಾಡುತ್ತಿದ್ದ. ಎರಡು ಸಾಲು ಸರಾಗವಾಗಿ ಬರೆದ. ಮಧ್ಯದ ಪದವನ್ನು ಹೇಗೆ ಒಡೆಯಬೇಕು ಅಂತ ಹೊಳೆಯಲಿಲ್ಲ, ಪೆನ್ನು ನಿಂತಿತು, ಎಡಗೈ ತಾನಾಗಿ ಫೋನಿನ ಕಡೆ ಹೋಯಿತು, ತಿರುಗಿಸಿ ನೋಡಿದ, ಏನೂ ಬಂದಿರಲಿಲ್ಲ, ಮತ್ತೆ ಬೋರಲು ಹಾಕಿದ. ಎರಡೇ ಸೆಕೆಂಡು. ಆದರೆ ವಾಪಸ್ ಬಂದಾಗ ಪ್ರಶ್ನೆಯನ್ನೇ ಮೊದಲಿಂದ ಓದಬೇಕಾಯಿತು. ಅರ್ಧ ಗಂಟೆಯಲ್ಲಿ ಹೀಗೆ ಏಳು ಸಲ.

ಅವನ ಕೈ ಹೋಗಿದ್ದೆಲ್ಲ ಲೆಕ್ಕ ಕಷ್ಟ ಆದ ಜಾಗದಲ್ಲೇ. ಸುಲಭದ ಸಾಲಿನಲ್ಲಿ ಒಮ್ಮೆಯೂ ಹೋಗಲಿಲ್ಲ. ಅಂದರೆ ನಿಜವಾಗಿ ಕಲಿಯಬೇಕಾದ ಜಾಗದಿಂದಲೇ ಫೋನ್ ನಮ್ಮನ್ನು ಎಬ್ಬಿಸಿಕೊಂಡು ಹೋಗುತ್ತೆ. ಅದಕ್ಕೇ ಅದು ಕೈಗೆ ಸಿಗುವ ದೂರದಲ್ಲಿ ಇರಲೇಬಾರದು ಅಂತ ನಾನು ಹಟ ಹಿಡಿಯುವುದು. ಬೀರು ಮೇಲೆ ಇಡಿ, ಅಡುಗೆಮನೆಯಲ್ಲಿ ಇಡಿ, ಯಾರಿಗಾದರೂ ಕೊಡಿ. ನನ್ನ ಹತ್ತಿರ ಬರುವ ಒಂದು ಹುಡುಗಿ ಅಜ್ಜಿ ಕೈಗೆ ಕೊಡುತ್ತಾಳೆ. ಅಜ್ಜಿ ಅದನ್ನು ಎಲೆಅಡಿಕೆ ಸಂಚಿಯಲ್ಲಿ ಹಾಕಿ, ದಾರ ಎಳೆದು, ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಬೇಕು ಅಂದರೆ ಅಜ್ಜಿಯನ್ನು ಕೇಳಬೇಕು, ಅಜ್ಜಿ "ಯಾಕವ್ವಾ?" ಅಂತ ಕೇಳೇ ಕೇಳುತ್ತಾರೆ. ಆ ಒಂದು ಪ್ರಶ್ನೆ ಸಾಕು.

ಸ್ಕೂಲ್ ವಾಟ್ಸಾಪ್ ಗ್ರೂಪಿನಲ್ಲೇ ಹೋಂವರ್ಕ್ ಬರುತ್ತೆ, ಏನು ಮಾಡೋಣ ಅಂತ ಕೇಳುತ್ತೀರಿ. ಓದಲು ಕೂರುವ ಮುಂಚೆ ಗ್ರೂಪ್ ನೋಡಿ, ಬೇಕಾದ್ದನ್ನು ನೋಟ್‌ಬುಕ್ಕಿಗೆ ಬರೆದುಕೊಂಡು, ಆಮೇಲೆ ಕೊಟ್ಟುಬಿಡಿ. ಐದು ನಿಮಿಷ ಹಿಡಿಯುತ್ತೆ.

ಕಣ್ಣಿಂದ ಮರೆಯಾದರೆ ಆಸೆಯ ಜೋರು ಇಳಿಯುತ್ತೆ ಅನ್ನುವುದನ್ನು ಚಿಕ್ಕ ಮಕ್ಕಳಲ್ಲೂ ನೋಡಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಅನ್ನುವ ಮನಃಶಾಸ್ತ್ರಜ್ಞರು 1960ರ ದಶಕದ ಕೊನೆಯಲ್ಲಿ ಪುಟ್ಟ ಮಕ್ಕಳ ಜೊತೆ ಪ್ರಯೋಗ ಶುರು ಮಾಡಿದರು. ಈಗ ಬೇಕಾದರೆ ಚಿಕ್ಕ ತಿಂಡಿ, ಕಾದರೆ ಇನ್ನೂ ಒಳ್ಳೆಯದು. ತಿಂಡಿ ಕಣ್ಣೆದುರೇ ಇದ್ದಾಗ ಮಕ್ಕಳಿಗೆ ಕಾಯುವುದು ಕಷ್ಟವಾಯಿತು, ಮುಚ್ಚಿಟ್ಟಾಗ ಜಾಸ್ತಿ ಹೊತ್ತು ಕಾದರು. ಕಾದು ಗೆದ್ದ ಮಕ್ಕಳಲ್ಲಿ ಕೆಲವರು ಕಣ್ಣು ಮುಚ್ಚಿಕೊಂಡರು, ಕೆಲವರು ಹಾಡು ಹೇಳಿಕೊಂಡರು. ಹಾಗೆ ಕಾಯುವ ಮಕ್ಕಳು ಮುಂದೆ ಜೀವನದಲ್ಲೂ ಗೆಲ್ಲುತ್ತಾರೆ ಅಂತ ತುಂಬಾ ಜನ ಹೇಳಿಕೊಂಡು ಬಂದರು. 2018ರಲ್ಲಿ ಇನ್ನೂ ಜಾಸ್ತಿ ಮಕ್ಕಳ ಮಾಹಿತಿ ಇಟ್ಟುಕೊಂಡು ನೋಡಿದಾಗ ಆ ನಂಟು ಅಂದುಕೊಂಡಷ್ಟು ದೊಡ್ಡದಿರಲಿಲ್ಲ, ಮನೆಯ ಪರಿಸ್ಥಿತಿ ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೂ ಕಡಿಮೆ. ಹಾಗಾಗಿ 'ನಾನು ಹುಟ್ಟಿದ್ದೇ ಹೀಗೆ' ಅಂತ ಯಾವ ಮಗುವೂ ಕೈಚೆಲ್ಲಿ ಕೂರಬೇಕಿಲ್ಲ.

ಇನ್ನು ಓದುವ ಹೊತ್ತು. 'ಇವತ್ತಿಂದ ಚೆನ್ನಾಗಿ ಓದ್ತೀನಿ' ಅಂತ ಅಂದುಕೊಂಡರೆ ಏನೂ ಆಗಲ್ಲ, ಯಾಕಂದರೆ ಯಾವಾಗ, ಎಲ್ಲಿ, ಯಾವ ಪಾಠ ಅಂತ ಅದರಲ್ಲಿ ಇಲ್ಲವೇ ಇಲ್ಲ. ಈಗಾಗಲೇ ದಿನಾ ಮಾಡುವ ಒಂದು ಕೆಲಸಕ್ಕೆ ಓದನ್ನು ಗಂಟು ಹಾಕಿ. 'ಸ್ಕೂಲಿಂದ ಬಂದು, ಕೈಕಾಲು ತೊಳೆದು, ಹಾಲು ಕುಡಿದು ಲೋಟ ಕೆಳಗಿಟ್ಟ ತಕ್ಷಣ ಗಣಿತದ ನೋಟ್ ಬಿಚ್ತೀನಿ.' ಇದನ್ನು ಇದೇ ಮಾತಲ್ಲಿ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಹೀಗೆ 'ಇದಾದರೆ ಇದು' ಅಂತ ಮೊದಲೇ ತೀರ್ಮಾನ ಮಾಡಿಟ್ಟರೆ ಅಂದುಕೊಂಡ ಕೆಲಸ ಆಗುವುದು ಜಾಸ್ತಿ ಅಂತ ಪೀಟರ್ ಗಾಲ್‌ವಿಟ್ಸರ್ ಅನ್ನುವ ಮನಃಶಾಸ್ತ್ರಜ್ಞರು 1999ರಲ್ಲೇ ಬರೆದಿದ್ದಾರೆ. ನಾನು ಅದನ್ನು ಆ ಏಳು ಸಲದ ಹುಡುಗನಿಗೂ ಹೇಳಿಕೊಟ್ಟೆ. 'ಲೆಕ್ಕ ಸಿಕ್ಕಿಹಾಕಿಕೊಂಡರೆ, ಎಲ್ಲಿ ನಿಂತಿದೆ ಅಂತ ಪಕ್ಕದಲ್ಲಿ ಒಂದು ಸಾಲು ಬರೆದು ಮುಂದಿನ ಲೆಕ್ಕಕ್ಕೆ ಹೋಗ್ತೀನಿ.' ಸುಮ್ಮನೆ ನಿಂತ ಪೆನ್ನಿಗೆ ಒಂದು ಕೆಲಸ ಸಿಕ್ಕಿತು. ಮರುದಿನ ಅವನು ತಂದು ತೋರಿಸಿದ ಆ ಸಾಲುಗಳಿಂದ ನನಗೂ ಪಾಠ ಮಾಡುವುದು ಸುಲಭವಾಯಿತು, ಅವನಿಗೆ ಗೊತ್ತಿಲ್ಲದ್ದು ಏನು ಅಂತ ಕಣ್ಣಿಗೆ ಕಾಣುತ್ತಿತ್ತು.

ಮೊದಲ ವಾರ 20 ನಿಮಿಷ ಸಾಕು. ನಿಜವಾಗಿಯೂ ಸಾಕು. ಮೊದಲ ದಿನವೇ ನಾಲ್ಕು ಗಂಟೆಯ ಟೈಮ್ ಟೇಬಲ್ ಬರೆದು, ಬಣ್ಣದ ಸ್ಕೆಚ್ ಪೆನ್ನಲ್ಲಿ ಗೀಟು ಹಾಕಿ, ಮೂರನೇ ದಿನಕ್ಕೆ ಕೈಬಿಟ್ಟವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. 20 ನಿಮಿಷ ಎದ್ದೇಳದೆ ಕೂತರೆ ಮುಂದಿನ ವಾರ 30, ಆಮೇಲೆ 45. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಮೂರು ಗಂಟೆ ಒಂದೇ ಬೆಂಚಿನಲ್ಲಿ ಕೂತು ಬರೆಯಬೇಕಲ್ವಾ? ಅದಕ್ಕೆ ಮೈ ಮನಸ್ಸು ಎರಡೂ ಪಳಗಬೇಕು. ಡಿಸೆಂಬರ್ ಹೊತ್ತಿಗೆ ಭಾನುವಾರ ಒಂದು ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಪೂರ್ತಿ ಮೂರು ಗಂಟೆ ಬರೆದು ನೋಡಿ.

ಲೆಕ್ಕ ಇಡಲು ಯಾವ ಆ್ಯಪೂ ಬೇಡ. ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಾರಲ್ಲ, ಅದೇ ಚೌಕದಲ್ಲಿ ಒಂದು ಗೀಟು ಎಳೆಯಿರಿ. ಎಲ್ಲರಿಗೂ ಕಾಣುತ್ತೆ. ಒಂದು ದಿನ ತಪ್ಪಿತು ಅಂದುಕೊಳ್ಳಿ, ಊರಹಬ್ಬ ಇರಬಹುದು, ಜ್ವರ ಇರಬಹುದು, ಮರುದಿನ ಅದೇ ಲೋಟ ಕೆಳಗಿಟ್ಟು ಅದೇ ನೋಟ್ ಬಿಚ್ಚಿ. ತಪ್ಪಿದ್ದಕ್ಕೆ ದಂಡ ಅಂತ ಡಬಲ್ ಓದಲು ಹೋಗಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದಾಗ, ಹೊಸ ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕು ಅಂತ ಲೆಕ್ಕ ಸಿಕ್ಕಿತು. ಕೆಲವರಿಗೆ 18 ದಿನ, ಕೆಲವರಿಗೆ 254 (12 ವಾರ ದಾಟಿದ್ದು ಅವರ ಗತಿ ನೋಡಿ ಮಾಡಿದ ಅಂದಾಜು). ಮಧ್ಯೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಪಕ್ಕದ ಮನೆ ಹುಡುಗಿಗೆ ಎರಡು ವಾರದಲ್ಲಿ ಆಯಿತು, ನನಗೆ ಎರಡು ತಿಂಗಳಾದರೂ ಆಗಿಲ್ಲ ಅಂತ ಕೊರಗಬೇಡಿ.

ನಿದ್ದೆ ಕದಿಯಬೇಡಿ. ನಿಮ್ಮ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ಬೆಳಗ್ಗೆ ಐದಕ್ಕೆ ಎದ್ದು ಓದುವವರು ರಾತ್ರಿ ಒಂಬತ್ತಕ್ಕೆ ಮಲಗಲೇಬೇಕು. ಹನ್ನೊಂದೂವರೆ ತನಕ ರೀಲ್ಸ್ ನೋಡಿ ಐದಕ್ಕೆ ಎದ್ದರೆ ಪುಸ್ತಕದ ಮೇಲೆ ತೂಕಡಿಕೆ ಬರುತ್ತೆ, ಮನೆಯವರು ಅದನ್ನು ಸೋಮಾರಿತನ ಅಂತಾರೆ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮಗು ಓದುವ ಆ ಅರ್ಧ ಗಂಟೆ ಟಿವಿ ಆಫ್ ಇರಲಿ, ನಿಮ್ಮ ಫೋನೂ ಅದೇ ಬೀರು ಮೇಲೆ ಹೋಗಲಿ. ಮಾಲೆ ಹಾಕಿದವರ ಮನೆಯಲ್ಲಿ ಉಳಿದವರೂ ಒಂದಿಷ್ಟು ಶಿಸ್ತು ಪಾಲಿಸುತ್ತಾರಲ್ಲ, ಹಾಗೆ. ಮಾರ್ಕ್ಸ್ ಎಷ್ಟು ಬಂತು ಅಂತ ದಿನಾ ಕೇಳುವ ಬದಲು, ಇವತ್ತು ಗೀಟು ಬಿತ್ತಾ ಅಂತ ಕೇಳಿ.

ಮೊದಲ ಗೀಟು ನಾಳೆ ಸಂಜೆಯೇ ಬೀಳಲಿ. ಅದಕ್ಕೆ ಇವತ್ತು ರಾತ್ರಿ ಎರಡು ಕೆಲಸ ಮಾಡಿ: ಫೋನ್ ಚಾರ್ಜರ್ ಅನ್ನು ಅಡುಗೆಮನೆ ಪ್ಲಗ್ಗಿಗೆ ಹಾಕಿ, ನಾಳೆಯ ಲೆಕ್ಕದ ಪುಟ ಬಿಚ್ಚಿ, ಪೆನ್ನು ಅದರ ಮೇಲೆ ಇಟ್ಟು ಮಲಗಿ.